ಒಳಪ್ರತಿರೋಧ: ಯೂಂಗ್ ಮನೋವಿಜ್ಞಾನದಲ್ಲಿ

ಬದಲಾಗಬೇಕೆಂದು ಮನಸಾರೆ ಬಯಸಿದವರನ್ನೂ ಒಳಗಿನಿಂದಲೇ ಹಿಂದಕ್ಕೆಳೆಯುವ ಶಕ್ತಿಯೇ ಒಳಪ್ರತಿರೋಧ. ಸಿಗ್ಮಂಡ್ ಫ್ರಾಯ್ಡ್ ಇದನ್ನು ಮುಖ್ಯವಾಗಿ ಚಿಕಿತ್ಸೆಗೆ ಎದುರಾಗುವ ಅಡ್ಡಿಯೆಂದು ಕಂಡರು. ದಮನಗೊಂಡ ಸಂಗತಿಗಳು ಪ್ರಜ್ಞೆಗೆ ಬಾರದಂತೆ ಅದು ತಡೆಯುತ್ತದೆ ಎಂಬುದು ಅವರ ವಿವರಣೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961) ಅದರಲ್ಲಿ ಇನ್ನೊಂದನ್ನೂ ಗುರುತಿಸಿದರು. ಪ್ರಜ್ಞೆ ಏಕಪಕ್ಷೀಯವಾಗಿ ಕೈಗೊಂಡ ತೀರ್ಮಾನಕ್ಕೆ ಮನಸ್ಸಿನ ಉಳಿದ ಪಾಲು ಸಲ್ಲಿಸುವ ತಕರಾರು ಅದು. ಹಾಗಾಗಿ ಅದನ್ನು ಸೋಮಾರಿತನವೆಂದೋ ಇಚ್ಛಾಶಕ್ತಿಯ ಕೊರತೆಯೆಂದೋ ಬದಿಗೆ ಸರಿಸುವುದು ಅನ್ಯಾಯ.

ಈ ನಿಲುವಿನ ಬೇರು ಪ್ರಯೋಗಶಾಲೆಯಲ್ಲಿದೆ. 1900ರಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್ಲಿ ಆಸ್ಪತ್ರೆ ಸೇರಿದ ಯೂಂಗ್, ಮುಂದಿನ ವರ್ಷಗಳಲ್ಲಿ ಫ್ರಾಂಟ್ಸ್ ರಿಕ್ಲಿನ್ ಜೊತೆ ಪದಸಾಹಚರ್ಯ ಪ್ರಯೋಗಗಳನ್ನು ನಡೆಸಿದರು. ವೈದ್ಯರು ಒಂದೊಂದೇ ಪದ ಹೇಳುತ್ತ ಹೋಗುವರು. ಎದುರಿಗಿದ್ದವರು ಥಟ್ಟನೆ ಹೊಳೆದ ಪದವನ್ನು ಹೇಳಬೇಕು. ಉತ್ತರಕ್ಕೆ ಹಿಡಿದ ಸಮಯವನ್ನು ಸ್ಟಾಪ್‌ವಾಚ್ ಅಳೆಯುತ್ತಿತ್ತು. ಬಹುತೇಕ ಪದಗಳಿಗೆ ಸಲೀಸಾಗಿ ಉತ್ತರ ಕೊಟ್ಟವರು ಕೆಲವಕ್ಕೆ ಮಾತ್ರ ತಡವರಿಸಿದರು, ನಕ್ಕರು, ಕೇಳಿದ ಪದವನ್ನೇ ಮರಳಿ ಹೇಳಿದರು. ಎರಡನೇ ಸುತ್ತಿನಲ್ಲಿ ಮೊದಲ ಉತ್ತರ ಮರೆತುಹೋಗುತ್ತಿದ್ದುದೂ ಹೆಚ್ಚಾಗಿ ಇಂಥ ಕಡೆಗಳಲ್ಲೇ. ತಡವರಿಕೆಯ ಹಿಂದೆ ತೀವ್ರ ಭಾವನೆಯ ಸುತ್ತ ಹೆಣೆದುಕೊಂಡ ನೆನಪು, ವಿಚಾರಗಳ ಗುಂಪಿರುವುದು ಗೊತ್ತಾಯಿತು. ಅದೇ ಮನೋಗ್ರಂಥಿ. ಮುಖ್ಯವಾದ ಮಾತೆಂದರೆ, ಉತ್ತರಿಸುವವರಿಗೆ ಸಹಕರಿಸುವ ಇಚ್ಛೆಯಿತ್ತು. ಗ್ರಂಥಿ ಆ ಇಚ್ಛೆಗೆ ಮಣಿಯಲಿಲ್ಲ. ಬದಲಾವಣೆಯ ಸಂಕಲ್ಪ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಇಷ್ಟು ಸರಳವಾದ ಪುರಾವೆ ಅಪರೂಪ.

ಮುಂದೆ ಯೂಂಗ್ ಈ ಚಿತ್ರವನ್ನು ವಿಸ್ತರಿಸಿದರು. ಸಮಾಜಕ್ಕೆ ತೋರುವ ಮುಖ ಪರ್ಸೋನಾ. ಅದಕ್ಕೆ ಹೊಂದದೆ ಒಳಗೆ ತಳ್ಳಲ್ಪಟ್ಟದ್ದು ನೆರಳು. ನೆರಳಿನಲ್ಲಿ ಕೇಡಷ್ಟೇ ಅಲ್ಲ, ಬಳಕೆಯಾಗದ ಸಾಮರ್ಥ್ಯವೂ ಇರುತ್ತದೆ. ಬದಲಾಗುವುದೆಂದರೆ ಅದನ್ನು ಎದುರಿಸುವುದು, ಇಷ್ಟು ದಿನ 'ನಾನು' ಎಂದುಕೊಂಡದ್ದರಲ್ಲಿ ಒಂದಷ್ಟನ್ನು ಬಿಟ್ಟುಕೊಡುವುದು. ಅಹಂ ಹೆದರುವುದು ಇಲ್ಲಿಯೇ.

ಈ ಹೆದರಿಕೆಯೇ ಗೆದ್ದರೆ ಏನಾಗುತ್ತದೆಂಬುದಕ್ಕೆ ಯೂಂಗ್ ವ್ಯಾಪಾರಿಯೊಬ್ಬನ ಉದಾಹರಣೆ ಕೊಡುತ್ತಾರೆ. ಮಿತಿಮೀರಿದ ಸಾಹಸದಿಂದ ದಿವಾಳಿಯಾದವನು ಧೃತಿಗುಂದಿ, ತನ್ನ ಯೋಗ್ಯತೆಗಿಂತ ಬಹಳ ಕೆಳಗಿನ ಕೆಲಸ ಹಿಡಿದು, ತನಗೆ ಸಲ್ಲುವುದು ಇಷ್ಟೇ ಎಂಬಂತೆ ಬದುಕಬಹುದು. ಹೀಗೆ ಹಿಂದಿನ, ಕಿರಿದಾದ ಪರ್ಸೋನಾಕ್ಕೆ ಮರಳುವುದನ್ನು ಅವರು ಹಿಮ್ಮುಖ ಪುನಃಸ್ಥಾಪನೆ ಎಂದರು. ಆದರೆ ಎಲ್ಲ ಹಿಂಜರಿತವೂ ಸೋಲಲ್ಲ. ಮನಶ್ಶಕ್ತಿ ಹೊರಗಿನ ಕೆಲಸದಿಂದ ಒಳಗೆ ತಿರುಗಿದಾಗ, ಅಲ್ಲಿ ಉಪೇಕ್ಷಿತವಾಗಿದ್ದದ್ದು ಎಚ್ಚೆತ್ತು ಹೊಸ ಹೊಂದಾಣಿಕೆಗೆ ದಾರಿಯಾಗಬಹುದು.

ಚಿಕಿತ್ಸೆಯಲ್ಲಿ ಆದ್ದರಿಂದ ಬಲವಂತಕ್ಕೆ ಎಡೆಯಿಲ್ಲ. ಕನಸುಗಳನ್ನೂ ಎಚ್ಚರದಲ್ಲೇ ಕಲ್ಪನೆಯನ್ನು ಅದರ ಪಾಡಿಗೆ ಹರಿಯಬಿಡುವ 'ಸಕ್ರಿಯ ಕಲ್ಪನೆ'ಯಲ್ಲಿ ಮೂಡುವ ಚಿತ್ರಗಳನ್ನೂ ಆಧರಿಸಿ, ಬದಲಾವಣೆ ಬಯಸುವ ಪಕ್ಷ ಮತ್ತು ತಡೆಯುವ ಪಕ್ಷ ಎರಡಕ್ಕೂ ಮಾತಾಡಲು ಅವಕಾಶ ಕೊಡಲಾಗುತ್ತದೆ. ಎರಡರ ಸೆಳೆತವನ್ನು ತಾಳಿಕೊಂಡಾಗ ಎರಡನ್ನೂ ಒಳಗೊಂಡ ಮೂರನೆಯ ನಿಲುವು ಹುಟ್ಟುವುದನ್ನು ಯೂಂಗ್ 1916ರಲ್ಲಿ ಬರೆದ ಪ್ರಬಂಧದಲ್ಲಿ ಅತೀತ ಕ್ರಿಯೆಯೆಂದು ವಿವರಿಸಿದರು. ಅದು ಅಚ್ಚಾದದ್ದು 1957ರಲ್ಲಿ.

ನೆರಳು, ಪರ್ಸೋನಾಗಳನ್ನು ಪ್ರತಿಕ್ರಿಯೆಯ ಸಮಯದಂತೆ ಅಳೆಯಲಾಗದು ಎಂಬ ಟೀಕೆ ನ್ಯಾಯವಾದದ್ದೇ. ರೋಗಿಯ ಪ್ರತಿಯೊಂದು ಭಿನ್ನಾಭಿಪ್ರಾಯಕ್ಕೂ ಪ್ರತಿರೋಧವೆಂಬ ಹಣೆಪಟ್ಟಿ ಹಚ್ಚುವ ಅಪಾಯ ಇನ್ನೂ ದೊಡ್ಡದು. ಅದರ ಅರಿವು ಯೂಂಗ್‌ಗಿತ್ತು: ರೋಗಿಗೆ ಒಪ್ಪಿಗೆಯಾಗದ ಅರ್ಥವಿವರಣೆ ಪ್ರಯೋಜನಕ್ಕೆ ಬಾರದು, ತಪ್ಪಿರುವುದು ವೈದ್ಯನ ಕಡೆಯೂ ಆಗಿರಬಹುದು ಎಂಬುದು ಅವರ ನಿಲುವಾಗಿತ್ತು.