ಬೀಗದ ಕೈ

ಮೊಬೈಲ್ ಬರುವ ಮುಂಚೆ ಎಷ್ಟೋ ಕಚೇರಿಗಳಲ್ಲಿ ಕಪ್ಪು ಟೆಲಿಫೋನಿನ ಡಯಲ್ಲಿಗೆ ಪುಟ್ಟದೊಂದು ಬೀಗ ಹಾಕುತ್ತಿದ್ದರು. ಬಂದ ಕರೆ ಎತ್ತಬಹುದು, ನಾವಾಗಿ ಮಾಡುವಂತಿಲ್ಲ. ಬೀಗದ ಕೈ ಸಾಹೇಬರ ಮೇಜಿನ ಖಾನೆಯಲ್ಲಿ. ಎಸ್‌ಟಿಡಿ ಬಿಲ್ಲಿನ ಭಯ ಸುಳ್ಳಲ್ಲ. ಆದರೆ ಗುಮಾಸ್ತನನ್ನು ನಂಬುವ ಹಾಗಿಲ್ಲ ಎಂಬ ಮಾತನ್ನೂ ಆ ಬೀಗ ದಿನವೂ ಹೇಳುತ್ತಿತ್ತು.

ನಾವು ದುಡಿಯಲು ಬಂದ ಹೈದರಾಬಾದಿನಲ್ಲಿ ಆ ಬೀಗ ಕಂಪ್ಯೂಟರಿಗೆ ವರ್ಗವಾಯಿತು. 1998ರ ನವೆಂಬರ್ 22ರಂದು ಪ್ರಧಾನಿ ವಾಜಪೇಯಿ ಮಾದಾಪುರದ ಸೈಬರ್ ಟವರ್ಸ್ ಉದ್ಘಾಟಿಸಿದರು. 2004ರ ಜನವರಿಯಲ್ಲಿ ಗೂಗಲ್ ಆರ್ಕುಟ್ ಶುರು ಮಾಡಿತು, ಅದೇ ವರ್ಷ ಈ ಊರಲ್ಲಿ ಕಚೇರಿಯನ್ನೂ ತೆರೆಯಿತು. 2010ರಲ್ಲಿ ಫೇಸ್‌ಬುಕ್ ಭಾರತದ ತನ್ನ ಮೊದಲ ಕಚೇರಿಗೆ ಹೈದರಾಬಾದನ್ನೇ ಆರಿಸಿಕೊಂಡಿತು. ಬಳಕೆದಾರರ, ಜಾಹೀರಾತುದಾರರ ದೂರು ದುಮ್ಮಾನ ನೋಡಿಕೊಳ್ಳುವುದು ಅಲ್ಲಿಯ ಕೆಲಸ. ಒಂದು ಕಟ್ಟಡದಲ್ಲಿ ಫೇಸ್‌ಬುಕ್ ತೆರೆದು ಕೂತರೆ ಸಂಬಳ. ಅದೇ ಊರಿನ ಎಷ್ಟೋ ಕಟ್ಟಡಗಳಲ್ಲಿ ತೆರೆಯಲು ಹೋದರೆ ಪರದೆಯ ಮೇಲೆ ನಿಷೇಧದ ಸೂಚನೆ.

ನಿಷೇಧಕ್ಕೆ ಕಾರಣಗಳಿದ್ದವು. ಬ್ಯಾಂಡ್‌ವಿಡ್ತ್ ದುಬಾರಿ. ವಿದೇಶಿ ಬ್ಯಾಂಕು, ಆಸ್ಪತ್ರೆಗಳ ಗ್ರಾಹಕರ ಮಾಹಿತಿ ನಮ್ಮ ಕೈಯಲ್ಲಿ. ಅದು ಸೋರಿದರೆ ಇಡೀ ಕರಾರೇ ಹೋದೀತು. ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಮಾಹಿತಿ ಕಾಯುವ ಬೀಗ ಬೇರೆ, ನೌಕರನ ಹತ್ತು ನಿಮಿಷ ಕಾಯುವ ಬೀಗ ಬೇರೆ. ಎರಡನ್ನೂ ಒಂದೇ ಗೊಂಚಲಿಗೆ ಪೋಣಿಸಿದ್ದು ನಮ್ಮ ಕಚೇರಿಗಳು ಮಾಡಿದ ತಪ್ಪು.

ನಿಜವಾದ ಕಳವು ಎಲ್ಲಿಂದ ಬಂತು? 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ತನಿಖೆ ನಡೆಸಿದ ಸಿಬಿಐ 7,561 ನಕಲಿ ಇನ್‌ವಾಯ್ಸ್‌ಗಳನ್ನು ಲೆಕ್ಕ ಹಾಕಿತು. ಅವನ್ನು ಕಂಪನಿಯ ಸಾಫ್ಟ್‌ವೇರಿನೊಳಕ್ಕೆ ಸೇರಿಸಲು ಬಳಸಿದ್ದು 'ಸೂಪರ್ ಯೂಸರ್' ಎಂಬ ವಿಶೇಷ ಅಧಿಕಾರ. ಕೆಲವು ಇನ್‌ವಾಯ್ಸ್‌ಗಳು ಕೆಳಗಿನವರ ಕಣ್ಣಿಗೆ ಬೀಳದಂತೆ ಮರೆಮಾಡುವ ಗುರುತೂ ಅದರಲ್ಲಿತ್ತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಮಂದಿಯನ್ನು ತಪ್ಪಿತಸ್ಥರೆಂದಿತು.

ಹರಟೆಗೆ ಅಂತರ್ಜಾಲ ತೆರೆಯುವ ನೌಕರನ ಮೇಲೆ ಊರಿಗೆಲ್ಲ ಕಣ್ಣು. ಲೆಕ್ಕದ ಪುಸ್ತಕವನ್ನೇ ತಿದ್ದಬಲ್ಲ ಕೈಗಳ ಮೇಲೆ ಯಾರ ಕಣ್ಣೂ ಇರಲಿಲ್ಲ. ಕೊನೆಗೆ ಆ ಕಂಪನಿಯನ್ನು ಉಳಿಸಿದ್ದರಲ್ಲಿ ದೊಡ್ಡ ಪಾಲು ಸಾವಿರಾರು ನೌಕರರದ್ದೇ. ಮುಂದಿನ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಅವರು ಗ್ರಾಹಕರ ಕೆಲಸ ನಿಲ್ಲಿಸಲಿಲ್ಲ. 2009ರ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ಕೊಂಡುಕೊಂಡಾಗ ಕೊಳ್ಳುವುದಕ್ಕೆ ಒಂದು ಕಂಪನಿ ಉಳಿದಿತ್ತು.

ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಬಂದು ಫೇಸ್‌ಬುಕ್ ಜೇಬಿಗೇ ಇಳಿಯಿತು. ಕಚೇರಿಯ ಕಂಪ್ಯೂಟರಿನ ಬೀಗಕ್ಕೆ ಅರ್ಥವೇ ಉಳಿಯಲಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್ ಉಳಿದದ್ದನ್ನೂ ಮುಗಿಸಿತು. ಕಚೇರಿ ಮನೆಗೆ ಬಂತು. ಬೀದರಿನ ನಡುಮನೆಯಲ್ಲಿ, ರಾಯಚೂರಿನ ಮಾಳಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ವಾಟ್ಸ್ಯಾಪ್ ಕುಂಯ್‌ಗುಡುತ್ತಿದ್ದರೂ ನಾವು ಹೊತ್ತಿಗೆ ಸರಿಯಾಗಿ ಕೆಲಸ ಒಪ್ಪಿಸಿದೆವು. ಹಿಂದೆ ನಿಂತು ನೋಡುವ ಮ್ಯಾನೇಜರ್ ಇರಲಿಲ್ಲ.

ಈಗ ಮತ್ತೆ ಕಚೇರಿಗೆ ಕರೆಯುತ್ತಿದ್ದಾರೆ. ಕೀಬೋರ್ಡಿನ ಒತ್ತು ಎಣಿಸುವ, ಪರದೆಯ ಚಿತ್ರ ತೆಗೆಯುವ ಸಾಫ್ಟ್‌ವೇರುಗಳೂ ಮಾರುಕಟ್ಟೆಯಲ್ಲಿವೆ. ಗ್ರಾಹಕರ ಗುಟ್ಟಿಗೆ ಬೀಗ ಇರಲಿ, ಅದು ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಒಂದೇ ಆಗಿರಲಿ. ಉಳಿದದ್ದಕ್ಕೆ, ಒಪ್ಪಿಸಿದ ಕೆಲಸವನ್ನು ನೋಡಿದರೆ ಸಾಕು. ನಮ್ಮಲ್ಲಿ ಹಲವರು ಇಂದು ತಂಡ ನಡೆಸುವವರು. ಬೀಗದ ಕೈ ಈಗ ನಮ್ಮದೇ ಖಾನೆಯಲ್ಲಿದೆ.