ಮಂಡಿಯೊಳಗಿನ ನೂಲು: ಕೊಲಾಜೆನ್ ಶೋಧದ ಎಪ್ಪತ್ತು ವರ್ಷ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಅರಿಶಿನದ ಹೊಲಗಳಲ್ಲಿ ಕಳೆ ಕೀಳುವುದು, ಗೆಡ್ಡೆ ಆರಿಸುವುದು ಕುಕ್ಕರುಗಾಲಿನ ಕೆಲಸ. ಮಾಡುವವರಲ್ಲಿ ಹೆಂಗಸರೇ ಹೆಚ್ಚು. ವಯಸ್ಸು ಐವತ್ತು ದಾಟಿದ ಮೇಲೆ ಅವರಲ್ಲಿ ಅನೇಕರ ಬಾಯಲ್ಲಿ 'ಮಂಡಿ ಸವದೋಗದ' ಎಂಬ ಮಾತು ಬರುತ್ತದೆ. ಎಕ್ಸ್-ರೇ ನೋಡಿದ ವೈದ್ಯರೂ ಸವೆತವೆಂದೇ ಹೇಳುತ್ತಾರೆ. ಬರೀ ಉಜ್ಜಾಟದಿಂದ ಮೂಳೆಯ ತುದಿಯ ಮೆತ್ತೆ ತೆಳುವಾಯಿತು ಎಂಬ ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಮೃದ್ವಸ್ಥಿ ಎಂಬ ಆ ಮೆತ್ತೆಯೊಳಗಿನ ಜೀವಕೋಶಗಳು ತಾವೇ ಕಟ್ಟಿದ ನೂಲನ್ನು ತಾವೇ ಕತ್ತರಿಸುತ್ತವೆ ಎಂಬುದು ಉಳಿದರ್ಧ. ಅದು ಗೊತ್ತಾಗಲು ದಶಕಗಳೇ ಬೇಕಾದವು.

ಆ ನೂಲೇ ಕೊಲಾಜೆನ್. ಅದರ ರಚನೆಯನ್ನು ಬಿಡಿಸಿದ್ದು ನಮ್ಮ ನೆರೆಯ ಮದ್ರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಗೋಪೀನಾಥ್ ಕರ್ತಾ ಅವರೊಡನೆ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೂರೆಳೆಯ ಮಾದರಿಯನ್ನು ಮುಂದಿಟ್ಟರು. ಮರುವರ್ಷವೇ ಅದನ್ನು ತಿದ್ದಿ, ಎಳೆಗಳು ಒಂದನ್ನೊಂದು ಸುತ್ತಿಕೊಂಡು ಹುರಿಯಾಗುವ ಬಗೆಯನ್ನು ತೋರಿಸಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಇರುವುದರಿಂದಲೇ ಎಳೆಗಳು ಅಷ್ಟು ಬಿಗಿಯಾಗಿ ಸೇರಲು ಸಾಧ್ಯ. 1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಣುಜೀವಭೌತ ವಿಭಾಗ ಕಟ್ಟಿದರು. ಮಂಡಿನೋವಿನ ಚರ್ಚೆಯಲ್ಲಿ ಅವರ ಹೆಸರು ಬರುವುದೇ ಇಲ್ಲ, ಬರಬೇಕು.

ಇಷ್ಟು ಬಿಗಿಯಾದ ಹುರಿಯನ್ನು ಸಾಮಾನ್ಯ ಕಿಣ್ವಗಳು ಕಡಿಯಲಾರವು. ಹಾಗಾದರೆ ದೇಹ ಅದನ್ನು ಹೇಗೆ ಕರಗಿಸುತ್ತದೆ? ಉತ್ತರ ಸಿಕ್ಕಿದ್ದು ಗೊದಮೊಟ್ಟೆಯ ಬಾಲದಲ್ಲಿ. ಅದು ಕಪ್ಪೆಯಾಗುವಾಗ ಬಾಲವನ್ನು ಕರಗಿಸುವ ಕೊಲಾಜೆನೇಸ್ ಕಿಣ್ವವನ್ನು 1962ರಲ್ಲಿ ಜೆರೋಮ್ ಗ್ರಾಸ್, ಚಾರ್ಲ್ಸ್ ಲಾಪಿಯೇರ್ ಗುರುತಿಸಿದರು. 1969ರಲ್ಲಿ ಮಿಲ್ಲರ್ ಮತ್ತು ಮಟುಕಸ್ ಕೋಳಿಮರಿಯ ಮೃದ್ವಸ್ಥಿಯನ್ನು ಪರೀಕ್ಷಿಸಿ, ಅದರ ಕೊಲಾಜೆನ್ ಚರ್ಮ, ಮೂಳೆಗಳದ್ದಲ್ಲ, ಬೇರೊಂದು ಬಗೆಯದು ಎಂದು ತೋರಿಸಿದರು. ಇಂದು ಅದನ್ನು ಎರಡನೇ ಮಾದರಿ ಎನ್ನುತ್ತೇವೆ.

ಅಲ್ಲಿಂದ ಮುಂದೆ ದಾರಿ ನೇರವಾಗಿರಲಿಲ್ಲ. ಸವೆತದ ರೋಗ ಬಂದ ಕೀಲಿನಲ್ಲಿ ಎರಡನೇ ಮಾದರಿಯ ಬದಲು ಚರ್ಮದ ಮಾದರಿ ತಯಾರಾಗುತ್ತದೆ ಎಂದು 1973ರಲ್ಲಿ ನಿಮ್ನಿ ಮತ್ತು ದೇಶಮುಖ್ ಬರೆದರು. ಆ ಬದಲಾವಣೆ ಅಷ್ಟು ವ್ಯಾಪಕವಲ್ಲವೆಂದು ನಂತರದ ಕೆಲಸ ತೋರಿಸಿತು. ಹೆಚ್ಚು ಉಳಿದದ್ದು 1976ರ ಆಲಿಸ್ ಮರೌದಾಸ್ ಅವರ ವಿವರಣೆ. ಮೃದ್ವಸ್ಥಿಯಲ್ಲಿ ನೀರು ಹೀರಿ ಉಬ್ಬಲು ಹವಣಿಸುವ ಸಕ್ಕರೆ-ಪ್ರೋಟೀನ್ ಕಣಗಳಿವೆ. ಅರಿಶಿನ ತುಂಬಿದ ಗೋಣಿಚೀಲದ ಹುರಿಯಂತೆ ಕೊಲಾಜೆನ್ ಅವನ್ನು ಅದುಮಿ ಹಿಡಿದಿರುತ್ತದೆ. ಹುರಿ ಸಡಿಲವಾದರೆ ಮೆತ್ತೆ ಮೊದಲು ತೆಳುವಾಗುವುದಿಲ್ಲ, ಉಬ್ಬುತ್ತದೆ. ರೋಗದ ಆರಂಭದಲ್ಲಿ ನೀರಿನ ಅಂಶ ಏರುವುದು ಇದಕ್ಕೇ. ಹಿಡಿತ ತಪ್ಪಿದ ಕಣಗಳು ಆಮೇಲೆ ಕೊಚ್ಚಿಹೋಗುತ್ತವೆ.

ಹುರಿ ಕತ್ತರಿಸುವುದು ಯಾರು? 1996-97ರ ಅಧ್ಯಯನಗಳು ಎಂಎಂಪಿ-13 ಎಂಬ ಕೊಲಾಜೆನೇಸ್ ಕಡೆಗೆ ಬೆರಳು ತೋರಿದವು. ಮಾಂಟ್ರಿಯಲ್‌ನ ರಾಬಿನ್ ಪೂಲ್ ಅವರ ತಂಡ ಕಡಿದ ತುದಿಗಷ್ಟೇ ಅಂಟುವ ಪ್ರತಿಕಾಯ ತಯಾರಿಸಿ, ರೋಗಪೀಡಿತ ಕೀಲಿನಲ್ಲಿ ಕಡಿತ ಹೆಚ್ಚಿರುವುದನ್ನು ಕಣ್ಣಿಗೆ ಕಾಣಿಸಿತು. ಕತ್ತರಿ ಸಿಕ್ಕಿತು, ಹಿಡಿದಿಟ್ಟರೆ ಸಾಕು ಎಂದು ಔಷಧ ಕಂಪನಿಗಳು ಹೊರಟವು. ಆದರೆ ಅಂಥ ಒಂದು ಔಷಧದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂದಾಗ ಪ್ರಯೋಜನ ಕಾಣಲಿಲ್ಲ. ಕೀಲುಗಳೇ ಬಿಗಿದು ನೋಯುವ ಅಡ್ಡಪರಿಣಾಮ ಕಂಡಿತು.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದದ್ದು ಈ ನೂಲಿನ ಆಯುಷ್ಯದ ಲೆಕ್ಕ. 2000ದಲ್ಲಿ ಡಚ್ ಸಂಶೋಧಕರು ಮೃದ್ವಸ್ಥಿಯ ಕೊಲಾಜೆನ್‌ನ ಅರ್ಧಾಯುಷ್ಯ 117 ವರ್ಷ ಎಂದು ಲೆಕ್ಕ ಹಾಕಿದರು, ಚರ್ಮದ್ದು 15. ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಇಂಗಾಲ-14ನ್ನು ಗುರುತಾಗಿಟ್ಟುಕೊಂಡು ಡೆನ್ಮಾರ್ಕಿನ ತಂಡ 2016ರಲ್ಲಿ ಇನ್ನೂ ಖಚಿತವಾಗಿ ಹೇಳಿತು: ದೊಡ್ಡವರ ಮಂಡಿಯಲ್ಲಿ ಈ ಕೊಲಾಜೆನ್ ಜಾಲ ಹೊಸದಾಗಿ ಹುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ, ರೋಗ ಬಂದ ಮೇಲೂ ಅಷ್ಟೇ. ಹರೆಯದಲ್ಲಿ ಹೊಲಕ್ಕಿಳಿದ ಹುಡುಗಿಯ ಮಂಡಿಯಲ್ಲಿದ್ದ ನೂಲೇ ಅರವತ್ತರ ಅಜ್ಜಿಯ ಮಂಡಿಯಲ್ಲೂ ಇರುತ್ತದೆ.

ಹಾಗಾಗಿ ಕೊಲಾಜೆನ್ ಪುಡಿ ಕುಡಿದರೆ ಮಂಡಿ ಮತ್ತೆ ಬೆಳೆಯುತ್ತದೆಂಬ ಜಾಹೀರಾತನ್ನು ನಂಬಲು ಕಾರಣ ಕಾಣೆ. ಹೊಟ್ಟೆಯಲ್ಲಿ ಅದು ಚೂರುಚೂರಾಗಿ ಜೀರ್ಣವಾಗುತ್ತದೆ. ನಮ್ಮ ಅರಿಶಿನದ ವಿಷಯ ಬೇರೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 70 ಮಂದಿಯ ಮೇಲೆ 12 ವಾರ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರಿಶಿನದ ಸಾರ ನೋವು ಇಳಿಸಿತು. ಮೃದ್ವಸ್ಥಿಯ ರಚನೆಯಲ್ಲಿ ಮಾತ್ರ ಎಂಆರ್‌ಐ ಯಾವ ವ್ಯತ್ಯಾಸವನ್ನೂ ತೋರಿಸಲಿಲ್ಲ. ನೋವಿಳಿಯುವುದೂ ಸಣ್ಣ ಮಾತಲ್ಲ. ಆದರೆ ಅಡುಗೆಗೆ ಹಾಕುವ ಚಿಟಿಕೆಗೆ ಆ ಫಲಿತಾಂಶ ಅನ್ವಯಿಸದು.

ಭಾರತದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮಂಡಿಯ ಈ ರೋಗ ಶೇ. 28.7 ಮಂದಿಯಲ್ಲಿ ಕಂಡಿತು, ಬೆಂಗಳೂರೂ ಅದರಲ್ಲಿತ್ತು. ಕುಕ್ಕರುಗಾಲಿನ ಅಭ್ಯಾಸಕ್ಕೂ ಮಂಡಿಯ ಹಾನಿಗೂ ನಂಟಿದೆ ಎಂದು ಬೀಜಿಂಗ್ ಅಧ್ಯಯನ 2004ರಲ್ಲೇ ಹೇಳಿದೆ. ಅಲ್ಲಿ ಎಣಿಸಿದ್ದು ಪಟ್ಟಣಿಗರ ಮಂಡಿಗಳನ್ನು. ದಿನವಿಡೀ ಕುಕ್ಕರುಗಾಲಲ್ಲಿ ಕೂರುವ ಗುಂಡ್ಲುಪೇಟೆಯ ಕೂಲಿ ಹೆಂಗಸರನ್ನೂ ಹೀಗೆಯೇ ಅಧ್ಯಯನ ಮಾಡಬೇಕು. ಕಡಿದ ಕೊಲಾಜೆನ್‌ನ ಚೂರುಗಳನ್ನು ಮೂತ್ರದಲ್ಲೇ ಅಳೆಯುವ ವಿಧಾನ ಇದೆ; ಜಿಲ್ಲೆಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ನಿಂತೇ ಕಳೆ ತೆಗೆಯುವ ಉದ್ದ ಹಿಡಿಯ ಸಲಕರಣೆ ಬಳಸಿದವರಲ್ಲಿ ಆ ಚೂರುಗಳು ಕಡಿಮೆಯಾಗುತ್ತವೆಯೇ ಎಂಬುದನ್ನು ಈ ಹೊಲಗಳಲ್ಲೇ ಪರೀಕ್ಷಿಸಬಹುದು.