ಗುಲಾಬಿಯ ಪರಿಮಳವೂ ಯೀಸ್ಟಿನ ಪರಿಮಳವೂ: ಶಿಕಿಮೇಟ್ ಮಾರ್ಗದ ಒಂದು ವಿವೇಚನೆ

ಪನ್ನೀರಿನ ಸೌರಭಕ್ಕೆ ಮುಖ್ಯ ಕಾರಣವಾದ 2-ಫೀನೈಲ್‌ಎಥನಾಲ್ ಎಂಬ ದ್ರವ್ಯವು ನೀರಿನಲ್ಲಿ ಕರಗುವ ಸ್ವಭಾವದ್ದಾದುದರಿಂದ, ಭಟ್ಟಿಯಿಳಿಸುವಾಗ ಅತ್ತರಿನಲ್ಲಿ ಅಲ್ಪವಾಗಿಯೂ ಪನ್ನೀರಿನಲ್ಲಿ ಹೇರಳವಾಗಿಯೂ ಸೇರುತ್ತದೆ. ಅದೇ ದ್ರವ್ಯವನ್ನು, ದ್ರಾಕ್ಷಾರಸವನ್ನು ಮದ್ಯವಾಗಿಸುವ ಯೀಸ್ಟ್ ಕೂಡ ತಯಾರಿಸುತ್ತದೆಂಬುದನ್ನು ನೆನೆದಾಗ, ಪುಷ್ಪಕ್ಕೂ ಏಕಕೋಶಜೀವಿಗೂ ಈ ಸಾಮ್ಯವು ಎಲ್ಲಿಂದ ಒದಗಿತೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರದ ಎಳೆಯು ಶಿಕಿಮಿಕ್ ಆಮ್ಲದ ಕಥೆಯಲ್ಲಿದೆ.

1885ರಲ್ಲಿ ಡಚ್ ರಸಾಯನಜ್ಞ ಐಕ್‌ಮನ್ ಜಪಾನಿನ ಶಿಕಿಮಿ ಮರದ ಹಣ್ಣಿನಿಂದ ಬೇರ್ಪಡಿಸಿದ ಶಿಕಿಮಿಕ್ ಆಮ್ಲವು, ದೀರ್ಘಕಾಲ ಕೇವಲ ಕೆಲವು ಗಿಡಮರಗಳ ವಿಶೇಷ ವಸ್ತುವೆಂದೇ ಎಣಿಸಲ್ಪಟ್ಟಿತ್ತು. ಅದರ ನಿಜವಾದ ಮಹತ್ತ್ವವನ್ನು ಪ್ರಕಟಗೊಳಿಸಿದುದು ಸಸ್ಯವಲ್ಲ, ಬ್ಯಾಕ್ಟೀರಿಯ. ಫೀನೈಲ್‌ಅಲನೀನ್, ಟೈರೊಸೀನ್, ಟ್ರಿಪ್ಟೊಫ್ಯಾನ್, ಪ್ಯಾರಾ-ಅಮೈನೊಬೆಂಜೋಯಿಕ್ ಆಮ್ಲ ಇವೆಲ್ಲವನ್ನೂ ಒಟ್ಟಿಗೆ ಉಣಿಸಿದಲ್ಲದೆ ಬೆಳೆಯಲಾರದ ಈ. ಕೋಲೈ ತಳಿಗಳು ಶಿಕಿಮಿಕ್ ಆಮ್ಲವೊಂದನ್ನೇ ಕೊಟ್ಟಾಗಲೂ ಬೆಳೆದುವೆಂದು ಬರ್ನಾರ್ಡ್ ಡೇವಿಸ್ 1951ರಲ್ಲಿ ತೋರಿಸಿದರು. ಬಹುವಾಗಿ ತೋರುತ್ತಿದ್ದ ಕೊರತೆಗಳ ಮೂಲವು ಒಂದೇ ಎಂಬ ಈ ತರ್ಕವು, ನನ್ನ ಮಟ್ಟಿಗೆ, ಜೀವರಸಾಯನದ ಅತ್ಯಂತ ಸುಂದರವಾದ ಅನುಮಾನಗಳಲ್ಲೊಂದು.

ಫಾಸ್ಫೊಈನಾಲ್‌ಪೈರುವೇಟ್, ಎರಿಥ್ರೋಸ್-4-ಫಾಸ್ಫೇಟ್ ಎಂಬ ಎರಡು ಸಾಮಾನ್ಯ ವಸ್ತುಗಳ ಸಂಯೋಗದಿಂದ ಹೊರಟು 7 ಹೆಜ್ಜೆಗಳಲ್ಲಿ ಕೋರಿಸ್ಮೇಟನ್ನು ಮುಟ್ಟುವ ಈ ಶಿಕಿಮೇಟ್ ಮಾರ್ಗವು ಬ್ಯಾಕ್ಟೀರಿಯ, ಶಿಲೀಂಧ್ರ, ಸಸ್ಯಗಳಲ್ಲಿ ಒಂದೇ ಆಗಿದ್ದರೂ, ಅದನ್ನು ನಡೆಸುವ ಕಿಣ್ವಗಳ ವ್ಯವಸ್ಥೆ ಬೇರೆ ಬೇರೆ: ಬ್ಯಾಕ್ಟೀರಿಯಗಳಲ್ಲಿ ಅವು ಸಾಮಾನ್ಯವಾಗಿ ಬಿಡಿಬಿಡಿಯಾಗಿರುತ್ತವೆ, ಯೀಸ್ಟಿನಲ್ಲಿ 5 ಹೆಜ್ಜೆಗಳ ಕಾರ್ಯವನ್ನು ಒಂದೇ ಪ್ರೋಟೀನು ನಿರ್ವಹಿಸುತ್ತದೆ, ಸಸ್ಯಗಳಲ್ಲಿ ಕಾರ್ಯಕ್ಷೇತ್ರವು ಪ್ಲಾಸ್ಟಿಡ್.

ಕೋರಿಸ್ಮೇಟಿನಾಚೆ ದಾರಿ ಕವಲೊಡೆಯುತ್ತದೆ. ಯೀಸ್ಟ್ ಫೀನೈಲ್‌ಪೈರುವೇಟಿನ ಮೂಲಕ ಫೀನೈಲ್‌ಅಲನೀನನ್ನು ಪಡೆದರೆ, ಸಸ್ಯಗಳು ಬಹುಮಟ್ಟಿಗೆ ಅರೊಜೆನೇಟಿನ ಮೂಲಕ ಪಡೆಯುತ್ತವೆ. ಸುಗಂಧದ ತಯಾರಿಕೆಯಲ್ಲಿಯೂ ಹೀಗೆಯೇ. ಫೀಲಿಕ್ಸ್ ಎರ್ಲಿಖ್ 1907ರಲ್ಲಿ ವಿವರಿಸಿದ ಮಾರ್ಗದಲ್ಲಿ ಯೀಸ್ಟ್ ಫೀನೈಲ್‌ಅಲನೀನಿನಿಂದ ಮೊದಲು ಅಮೈನೊ ಗುಂಪನ್ನೂ ಅನಂತರ ಇಂಗಾಲದ ಡೈಆಕ್ಸೈಡನ್ನೂ ಕಳಚಿದರೆ, ಗುಲಾಬಿಯ ದಳದಲ್ಲಿ ಒಂದೇ ಕಿಣ್ವವು ಈ ಎರಡನ್ನೂ ನೆರವೇರಿಸಬಲ್ಲುದು. ಇಬ್ಬರಿಗೂ ದೊರೆತ ಫೀನೈಲ್‌ಅಸಿಟಾಲ್ಡಿಹೈಡು ಕಡೆಗೆ ಅಪಕರ್ಷಣ ಹೊಂದಿ ಪರಿಮಳದ್ರವ್ಯವಾಗುತ್ತದೆ. ಆದುದರಿಂದ ಪರಿಮಳದ ಸಾಮ್ಯವನ್ನೇ ವಂಶಸಾಮ್ಯವೆಂದು ಬಗೆಯುವುದು ದುಡುಕು. ಹಂಚಿಕೆಯಾಗಿರುವುದು ಕೋರಿಸ್ಮೇಟಿನವರೆಗಿನ ಕಾಂಡವೇ ಹೊರತು ತುದಿಯ ಕವಲುಗಳಲ್ಲ.

ಪ್ರಾಣಿಗಳಲ್ಲಿ ಆ ಕಾಂಡವೂ ಇಲ್ಲ. ಫೀನೈಲ್‌ಅಲನೀನ್ ಮತ್ತು ಟ್ರಿಪ್ಟೊಫ್ಯಾನ್‌ಗಳನ್ನು ಮನುಷ್ಯನು ಆಹಾರದಿಂದಲೇ ಪಡೆಯತಕ್ಕದ್ದು.